ಸುಂಕದ ಕಟ್ಟೆಯಲ್ಲಿ ದೀಪ

ಬಲ್ಲಾರ್ಡ್ ಎಸ್ಟೇಟಿನ ಸುಂಕದ ಮನೆಯಲ್ಲಾಗಲಿ, ನ್ಹಾವಾ ಶೇವಾ ಬಂದರಿನಲ್ಲಾಗಲಿ, ಪರದೇಶದಿಂದ ಬರುವ ಪ್ರತಿಯೊಂದು ಸರಕಿಗೂ ಎಂಟು ಅಂಕಿಗಳ ಒಂದು ಸಂಖ್ಯೆಯುಂಟು. ಮೊದಲಿನ ಆರು ಅಂಕಿಗಳು ಬಹುತೇಕ ರಾಷ್ಟ್ರಗಳಿಗೆ ಸಮಾನ. ಕಡೆಯ ಎರಡು ನಮ್ಮ ದೇಶದವು. 1988ರಲ್ಲಿ ಜಾರಿಗೆ ಬಂದ ಈ ಏಕರೂಪ ಪದ್ಧತಿಯನ್ನು ಬ್ರಸೆಲ್ಸಿನ ವಿಶ್ವ ಸುಂಕ ಸಂಸ್ಥೆಯು ನೋಡಿಕೊಳ್ಳುತ್ತದೆ.

ದೀಪಗಳೆಲ್ಲ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಬರಿಯ ಬಲ್ಬು 8539ನೆಯ ಶೀರ್ಷಿಕೆಗೆ ಸೇರುತ್ತದೆ. ಅದನ್ನು ಧರಿಸುವ ಮೇಜುದೀಪ, ತೂಗುದೀಪಗಳು ಪೀಠೋಪಕರಣಗಳೊಡನೆ 94ನೆಯ ಅಧ್ಯಾಯದಲ್ಲಿ, 9405ರಲ್ಲಿ ಇವೆ. ಶಕ್ತಿಯನ್ನು ತನ್ನೊಳಗೇ ಹೊತ್ತಿರುವ ಕೈಟಾರ್ಚು 8513. ಸೈಕಲ್ಲು, ಮೋಟಾರುಗಳ ದೀಪಸಾಧನ 8512.

ತೊಡಕು ಬರುವುದು ಎಲ್.ಇ.ಡಿ.ಯಲ್ಲಿ. ಹೋಲ್ಡರಿಗೆ ಸಿಕ್ಕಿಸಿ ಸುಲಭವಾಗಿ ಬದಲಿಸಬಲ್ಲ ತಲೆಯಿದ್ದರೆ ಅದು ಬಲ್ಬು. ಬೆಳಕಿನ ಮೂಲವು ಚೌಕಟ್ಟಿನಲ್ಲೇ ಬೆಸೆದಿದ್ದು, ಇಡಿಯಾಗಿ ಮಾಳಿಗೆಗೆ ಜೋಡಿಸುವಂಥದಾದರೆ ಅದು ದೀಪೋಪಕರಣ.

ಸಂಖ್ಯೆ ತಪ್ಪಿದರೆ ಸುಂಕದ ದರವೂ ತಪ್ಪೀತು. ಕಡಿಮೆ ತೆತ್ತ ಹಣವನ್ನು 1962ರ ಸುಂಕ ಕಾಯಿದೆಯಂತೆ ಬಡ್ಡಿಸಹಿತ ಕಟ್ಟಬೇಕು. ಆಗ ಪೆಟ್ಟಿಗೆಯ ಮೇಲೆ ಬರೆದ ಹೆಸರನ್ನು ತೋರಿಸುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಸರಿ. ವಸ್ತುವಿನ ಹೆಸರಿಗಿಂತ ಅದರ ರಚನೆ, ಕಾರ್ಯಗಳನ್ನು ಅರಿಯುವುದೇ ಇಲ್ಲಿನ ವಿದ್ಯೆ.