ಪುಣೆಯ ಸಂಕ್ರಾಂತಿ: ಎಳ್ಳು-ಬೆಲ್ಲದ ಜತೆ ತಿಳಗುಳ

ಪುಣೆ: ಸಂಕ್ರಾಂತಿ ಹತ್ತಿರವಾದಂತೆ ಇಲ್ಲಿನ ತುಳು-ಕನ್ನಡಿಗರ ಸಂಘಗಳ ಮಹಿಳಾ ವಿಭಾಗಗಳಲ್ಲಿ ಅರಸಿನ ಕುಂಕುಮದ ಸಿದ್ಧತೆ ಆರಂಭವಾಗುತ್ತದೆ. ತುಳಸಿಬಾಗಿಗೆ ಹೋಗಿ ವಾಣ ಕೊಡಲು ಡಬ್ಬಿ, ಬಟ್ಟಲು ಆರಿಸಬೇಕು, ಎಳ್ಳುಂಡೆಗೆ ಹೇಳಿಡಬೇಕು, ಸಭಾಗೃಹ ಗೊತ್ತುಮಾಡಬೇಕು. ಎಲ್ಲವೂ ರಥಸಪ್ತಮಿಯೊಳಗೆ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ, ರಥಸಪ್ತಮಿ ಚಂದ್ರನ ತಿಥಿ. ಹಾಗಾಗಿ 2024ರಲ್ಲಿ ಫೆ. 16ರ ವರೆಗೆ ಸಮಯ ಸಿಕ್ಕಿದರೆ, 2026ರಲ್ಲಿ ಜ. 25ಕ್ಕೇ ಗಡುವು. ಭಾನುವಾರಗಳಿಗೆ ಪೈಪೋಟಿ ಬೀಳುವುದು ಇದರಿಂದಲೇ!

ಊರಿನಲ್ಲಿ ಇದೆಲ್ಲ ಇತ್ತೇ ಎಂದು ಕರಾವಳಿಯ ಹಿರಿಯ ಮಹಿಳೆಯರನ್ನು ಕೇಳಿದರೆ ನಗುತ್ತಾರೆ. ತುಳುನಾಡಿನಲ್ಲಿ ಮನೆಯ ಹಬ್ಬವೆಂದರೆ ಎಪ್ರಿಲ್‌ನ ಬಿಸು. ಮಕರ ಸಂಕ್ರಾಂತಿಗೆ ನೆನಪಾಗುವುದು ಉಡುಪಿಯ ಮೂರು ತೇರು. ಎಳ್ಳುಂಡೆ ಹಿಡಿದು ಅರಸಿನ ಕುಂಕುಮಕ್ಕೆ ಕರೆಯುವುದನ್ನು ಅವರು ಕಲಿತದ್ದು ನೆರೆಮನೆಯ ಮರಾಠಿ ಗೆಳತಿಯರಿಂದ.

ಧಾರವಾಡ, ಬೆಳಗಾವಿ ಕಡೆಯವರ ಮಾತು ಬೇರೆ. ಭೋಗಿಯ ಸಜ್ಜೆ ರೊಟ್ಟಿ, ಕುಸುರೆಳ್ಳು ಅವರಲ್ಲೂ ಉಂಟು. ಮರಾಠಿ ಮನೆಗಳಲ್ಲಿ ಪುಟ್ಟ ಮಗುವನ್ನು ಕೂರಿಸಿ ಬೋರೆಹಣ್ಣು, ಕಬ್ಬಿನ ಚೂರು ಸುರಿಯುವ 'ಬೋರನ್ಹಾಣ'ವನ್ನು ಅವರು 'ಕರಿ ಎರೆಯುವುದು' ಎನ್ನುತ್ತಾರೆ. ಹಳೆ ಮೈಸೂರಿನವರಿಗೆ ಅದು ಎಲಚಿಹಣ್ಣು ಎರೆಯುವ ಶಾಸ್ತ್ರ. ಕನ್ನಡದ ಅತ್ತೆ, ಮರಾಠಿ ಸೊಸೆ ಇರುವ ಮನೆಗಳಲ್ಲಿ ಇದಕ್ಕೆ ತಕರಾರಿಲ್ಲ. ತಕರಾರೇನಿದ್ದರೂ ಕಪ್ಪು ಸೀರೆಗೆ. ಹಬ್ಬದ ದಿನ ಕಪ್ಪೇ ಎಂದು ಅತ್ತೆ, ಸಂಕ್ರಾಂತಿಗೆ ಕಪ್ಪೇ ಶೋಭೆ ಎಂದು ಸೊಸೆ. ಚಳಿಗಾಲಕ್ಕೆ ಕಪ್ಪು ಬೆಚ್ಚಗೆ ಎಂಬ ಕಾರಣ ಕೇಳಿದ ಮೇಲೆ ಎಷ್ಟೋ ಅತ್ತೆಯರೂ ಕಪ್ಪು ಸೀರೆ ಕೊಂಡಿದ್ದಾರೆ.

ಕೊರತೆ ಕಾಣುವುದು ಮಾತಿನಲ್ಲಿ. 'ತಿಳಗುಳ ಘ್ಯಾ, ಗೋಡ ಗೋಡ ಬೋಲಾ' ಎಂದು ಮಕ್ಕಳು ಸರಾಗವಾಗಿ ಹೇಳುತ್ತಾರೆ, ಹೇಳಲಿ. ಅನ್ನ ಕೊಟ್ಟ ಊರಿನ ಭಾಷೆ ಅದು. ಆದರೆ ಕನ್ನಡ ಸಂಘದ ವೇದಿಕೆಯಲ್ಲೂ ನಿರೂಪಣೆ ಅಷ್ಟಕ್ಕೇ ಮುಗಿದರೆ ಹೇಗೆ? 'ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ' ಎಂಬುದೂ ಅದೇ ಹಾರೈಕೆ. ಶಾಲೆಯಲ್ಲಿ ಇಂಗ್ಲಿಷ್, ಆಟದ ಅಂಗಳದಲ್ಲಿ ಮರಾಠಿ ಮತ್ತು ಹಿಂದಿ. ಇಂತಹ ಮಕ್ಕಳ ಕಿವಿಗೆ ಕನ್ನಡ ಬೀಳಬೇಕಾದುದು ಮನೆಯಲ್ಲಿ, ಇಲ್ಲವೇ ಸಂಘದಲ್ಲಿ.

ಉಂಡೆಗೆ ಕೈ ಚಾಚಿದ ಮೊಮ್ಮಕ್ಕಳಿಗೆ "ಕನ್ನಡದಲ್ಲೂ ಹೇಳು" ಎನ್ನುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಮಕ್ಕಳು ಎರಡೂ ಹೇಳಿ, ಎರಡು ಉಂಡೆ ಕೇಳುತ್ತಾರೆ.