ಮಲಪ್ರಭೆಗೆ ಮಳೆ, ಬಂಗುಡೆಗೆ ಮೇವು

ಬೈಲಹೊಂಗಲದ ಎರೆಹೊಲದಲ್ಲಿ ನಿಂತರೆ ಕಡಲಿನ ಸುಳಿವೂ ಸಿಗದು. ನಡುವೆ ಇಡೀ ಸಹ್ಯಾದ್ರಿ ಅಡ್ಡ ನಿಂತಿದೆ. ಆದರೆ ಮಿರಗ ಕೂಡಿ ಇಲ್ಲಿ ಹೆಸರು ಬಿತ್ತುವ ಹೊತ್ತಿಗೆ, ಆ ಮಳೆ ತಂದ ಮುಂಗಾರು ಕಾರವಾರ, ಮಲ್ಪೆ, ಮಂಗಳೂರಿನ ಕಡಲಲ್ಲಿ ಏನು ಮಾಡುತ್ತಿರುತ್ತದೆ ಗೊತ್ತೆ? ಅಲ್ಲೂ ಬಿತ್ತನೆಯೇ!

ಗಾಳಿ ಕರಾವಳಿಯ ಗುಂಟ ಬೀಸುತ್ತದೆ, ಭೂಮಿಯ ತಿರುಗುವಿಕೆಯೂ ಸೇರಿಕೊಂಡು ಮೇಲಿನ ಬೆಚ್ಚನೆಯ ನೀರು ದಂಡೆ ಬಿಟ್ಟು ಆಚೆ ಸರಿಯುತ್ತದೆ, ಆ ಜಾಗ ತುಂಬಲು ಆಳದ ತಣ್ಣೀರು ಪೋಷಕಾಂಶಗಳನ್ನೆಲ್ಲ ಹೊತ್ತು ಮೇಲೇಳುತ್ತದೆ. ಬೆಳಕು ತಾಗಿದ್ದೇ ತಡ, ಕಣ್ಣಿಗೆ ಕಾಣದ ಡಯಾಟಮ್ ಪಾಚಿ ಕೋಟಿ ಕೋಟಿ! ಬೂತಾಯಿ ಮೀನು ಅದನ್ನು ಸೋಸಿ ಸೋಸಿ ತಿಂದು ಕೊಬ್ಬುತ್ತದೆ, ಬಂಗುಡೆ ಮೀನಿನ ಹಿಂಡು ದಂಡೆಗೆ ಬರುತ್ತದೆ. ಕಣಕುಂಬಿಯಿಂದ ಮಲಪ್ರಭೆಯನ್ನು ಕಿತ್ತೂರು ಸೀಮೆಗೆ ಇಳಿಸಿ, ಸವದತ್ತಿಯ ನವಿಲುತೀರ್ಥ ತುಂಬಿಸಿ, ರಾಮದುರ್ಗದತ್ತ ಹರಿಸುವುದೂ ಅದೇ ಮುಂಗಾರು. ಒಂದೇ ಗಾಳಿ, ಎರಡು ಸುಗ್ಗಿ!

ಅದು ತಪ್ಪಿದರೆ? 2015ನ್ನು ನೆನೆಯಿರಿ. ಪೆಸಿಫಿಕ್ ಸಾಗರ ಕಾಯುವ ಎಲ್ ನಿನೋ ವರ್ಷ. ಇತ್ತ ಮಳೆ ಕೈಕೊಟ್ಟಿತು, ನರಗುಂದದಲ್ಲಿ ಮಲಪ್ರಭೆಗೆ ನೀರು ಕೇಳಿ ಕಳಸಾ-ಬಂಡೂರಿ ಧರಣಿ ಶುರುವಾಯಿತು. ಅತ್ತ ಬೂತಾಯಿ ಸೊರಗಿತು: ಮೈ ಬೆಳೆಯಲಿಲ್ಲ, ತತ್ತಿ ಬಲಿಯಲಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಬೊಟ್ಟು ಮಾಡಿದ್ದು ಅದೇ ಎಲ್ ನಿನೋ ಕಡೆಗೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಬರೀ 3,297 ಟನ್!

ಇನ್ನೊಂದು ಬೆರಗು ಕೇಳಿ. ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ನೀರು ಒಂದು ಶತಮಾನದಲ್ಲಿ, ಮುಂಗಾರಿನ ತಿಂಗಳುಗಳಲ್ಲಿ, ಸುಮಾರು 1.2 ಡಿಗ್ರಿ ಕಾದಿದೆ. ಮೀನುಗಳಿಗೆ ಅದು ಗೊತ್ತಾಗಿಬಿಟ್ಟಿದೆ! ಒಂದು ಕಾಲಕ್ಕೆ ಹೆಚ್ಚಾಗಿ ಕೇರಳ, ಕರ್ನಾಟಕದ ಕಡಲಲ್ಲೇ ಇರುತ್ತಿದ್ದ ಬೂತಾಯಿ ಉತ್ತರಕ್ಕೆ ಹೋಗಿದೆ, ಪೂರ್ವ ಕರಾವಳಿಗೂ ಮುಟ್ಟಿದೆ. ಬಂಗುಡೆ ತಂಪು ಹುಡುಕಿ ಕೆಳಕ್ಕಿಳಿಯುತ್ತಿದೆ. ಮೇಲ್ನೀರಿನ ಈ ಮೀನು ತಳ ಎಳೆಯುವ ಟ್ರಾಲ್ ಬಲೆಗೆ ಮೊದಲಿಗಿಂತ ಹೆಚ್ಚಾಗಿ ಬೀಳುತ್ತಿದೆ.

ಬಲೆಗಳೂ ಬದಲಾದವು. 1970ರ ದಶಕದಲ್ಲಿ ಪರ್ಸೀನ್ ಬಂತು, ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಹಿಂದೆ ಸರಿಯಿತು. ಪರ್ಸೀನ್ ದೋಣಿ ಹಿಂಡಿಗೆ ಹಿಂಡನ್ನೇ ಸುತ್ತುವರಿಯುತ್ತದೆ. ಟ್ರಾಲ್ ಬಲೆಯ ಸಣ್ಣ ಕಣ್ಣಿನಲ್ಲಿ ಸಿಕ್ಕ ಮರಿಗಳು ಮೀನುಹಿಟ್ಟಿನ ಕಾರ್ಖಾನೆ ಸೇರುತ್ತವೆ. ನನ್ನ ಕಣ್ಣಿಗೆ ಇದೇ ದೊಡ್ಡ ಪೆಟ್ಟು: ಕಾವು ತಿಂದು ಉಳಿದದ್ದನ್ನು ಬಲೆ ಬಿಡದು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಇಲ್ಲಿ ಬೆಳೆ ಮೊಳಕೆಯೊಡೆಯುವ ಆ ದಿನಗಳಲ್ಲೇ ಅಲ್ಲಿ ಬೂತಾಯಿ ತತ್ತಿ ಇಡುತ್ತದೆ! ಆಗಸ್ಟ್‌ನಲ್ಲಿ ಮಲ್ಪೆಯ ದೋಣಿಗಳು ಕಡಲಿಗಿಳಿಯುವಾಗ, ಆ ಮುಂಗಾರಿನ ಹಿರಿಯ ಮರಿಗೂ ಎರಡು ತಿಂಗಳಷ್ಟೇ ಪ್ರಾಯ.