ಕೋಳಿಯ ಬಣ್ಣವೂ ಮೈಕಟ್ಟೂ

ಯಾಕೋಬನು ತನ್ನ ಮಾವನಾದ ಲಾಬಾನನ ಮಂದೆಯನ್ನು ಕಾಯ್ದು, ಚುಕ್ಕೆಮಚ್ಚೆಗಳುಳ್ಳ ಮರಿಗಳನ್ನು ಕೂಲಿಯಾಗಿ ಪಡೆದ ವೃತ್ತಾಂತವನ್ನು ನಾವೆಲ್ಲರೂ ಆದಿಕಾಂಡದಲ್ಲಿ ಓದಿರುವೆವು. ಅವನು ನೀರಿನ ತೊಟ್ಟಿಗಳ ಬಳಿ ಸುಲಿದ ಕೋಲುಗಳನ್ನಿಟ್ಟದ್ದು ಎಲ್ಲರಿಗೂ ನೆನಪಿರುವುದು. ಆದರೆ ಮುಂದಿನ ಅಧ್ಯಾಯದಲ್ಲಿ, ಮಂದೆಯನ್ನು ಕೂಡುವ ಗಂಡುಗಳೇ ಚುಕ್ಕೆಮಚ್ಚೆಯವುಗಳಾಗಿದ್ದುದನ್ನು ಅವನು ಸ್ವಪ್ನದಲ್ಲಿ ಕಂಡನೆಂಬುದನ್ನು ಅನೇಕರು ಮರೆತಿರುವರು. ಮರಿಯ ಬಣ್ಣವು ಕೋಲಿನಿಂದ ಬಂದುದಲ್ಲ, ತಂದೆತಾಯಿಗಳಿಂದ ಬಂದುದು. ನಮ್ಮ ಹಿತ್ತಲ ಕೋಳಿಗೂ ಇದೇ ಮಾತು ಸಲ್ಲುವುದು.

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚಿದವು. ಅಂದಿನಿಂದ ಎಷ್ಟೋ ಮನೆಗಳವರು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ದುಡಿದು ಬರುವರು. ಇಂಥ ಮನೆಗಳಲ್ಲಿ ಮೊಟ್ಟೆಯ ಕಾಸು ತಾಯಿಯ ಕೈಯಲ್ಲಿ ಉಳಿಯುವ ಕಾಸು. ಬಣ್ಣದ ಗರಿಯ ನಾಟಿಕೋಳಿಗೆ ಫಾರಮಿನ ಬಿಳಿ ಕೋಳಿಗಿಂತ ಹೆಚ್ಚು ಬೆಲೆಯುಂಟಾದುದರಿಂದ, ಸಾಕುವವರ ಕಣ್ಣು ಮೊದಲು ಬಣ್ಣದ ಮೇಲೆಯೇ ಬೀಳುವುದು. ಬಣ್ಣವನ್ನು ನೋಡುವುದು ತಪ್ಪಲ್ಲ. ಬಣ್ಣವನ್ನು ಮಾತ್ರ ನೋಡುವುದು ತಪ್ಪು.

ಬಣ್ಣವು ಬಹುಮಟ್ಟಿಗೆ ಕೆಲವೇ ಅಂಶಗಳಿಂದ ನಿರ್ಣಯವಾಗುವುದು. ಮೆಂಡೆಲನು ಬಟಾಣಿಯಲ್ಲಿ ಕಂಡ ವಂಶನಿಯಮವು ಕೋಳಿಗೂ ಅನ್ವಯಿಸುವುದೆಂದು ಇಂಗ್ಲೆಂಡಿನ ಬೇಟ್ಸನ್ ಎಂಬ ಪಂಡಿತರು 1902ರಲ್ಲಿ ತೋರಿಸಿಕೊಟ್ಟರು. ಆಂಡಲೂಸಿಯನ್ ಎಂಬ ಜಾತಿಯ ನೀಲಿಬೂದು ಹುಂಜಕ್ಕೂ ಅದೇ ಬಣ್ಣದ ಹೆಂಟೆಗೂ ಹುಟ್ಟುವ ಮರಿಗಳೆಲ್ಲವೂ ನೀಲಿಬೂದಾಗಿರುವುದಿಲ್ಲ. ಸರಾಸರಿಯಾಗಿ ನಾಲ್ಕರಲ್ಲಿ ಒಂದು ಕಪ್ಪು, ಎರಡು ನೀಲಿಬೂದು, ಒಂದು ಮಚ್ಚೆಯುಳ್ಳ ಬಿಳುಪು. ಹಾಗೆಯೇ ಬಣ್ಣದ ಜೋಡಿಗೆ ಒಮ್ಮೊಮ್ಮೆ ಬಿಳಿಯ ಮರಿ ಹುಟ್ಟಿದರೆ ಬೆರಗಾಗಬೇಕಾಗಿಲ್ಲ. ಎರಡರಲ್ಲಿಯೂ ಅಡಗಿದ್ದ ಗುಣವು ಮರಿಯಲ್ಲಿ ಕೂಡಿ ಪ್ರಕಟವಾದುದಷ್ಟೆ.

ಬಣ್ಣದಿಂದ ಇನ್ನೊಂದು ಉಪಕಾರವೂ ಉಂಟು. ಪಟ್ಟೆಗರಿಯ ಪ್ಲಿಮತ್ ರಾಕ್ ಹೆಂಟೆಯನ್ನು ರೋಡ್ ಐಲೆಂಡ್ ರೆಡ್ ಹುಂಜದೊಡನೆ ಕೂಡಿಸಿದರೆ, ಮೊಟ್ಟೆಯೊಡೆದು ಬಂದ ದಿನವೇ ಗಂಡುಹೆಣ್ಣುಗಳನ್ನು ಗುರುತಿಸಬಹುದು. ಗಂಡುಮರಿಯ ಕಪ್ಪು ತಲೆಯ ಮೇಲೆ ಬಿಳಿಯ ಚುಕ್ಕೆಯಿರುವುದು, ಹೆಣ್ಣುಮರಿಗೆ ಇರದು. ಪಟ್ಟೆಯ ಗುಣವನ್ನು ತಾಯಿಯು ಗಂಡುಮಕ್ಕಳಿಗೆ ಮಾತ್ರ ಕೊಡುವುದೇ ಇದಕ್ಕೆ ಕಾರಣ.

ಮೈಕಟ್ಟಿನ ಸಂಗತಿ ಹೀಗಲ್ಲ. ತೂಕ, ಎದೆಯ ಅಗಲ, ಕಾಲಿನ ಬಲ ಇವು ಅನೇಕ ಅಂಶಗಳು ಕೂಡಿ ಆಗುವಂಥವು. ಮೇವೂ ಅದರಲ್ಲಿ ಪಾಲುಗೊಳ್ಳುವುದು. ಆದುದರಿಂದ ಮರಿಗಳೆಲ್ಲಕ್ಕೂ ಒಂದೇ ಮೇವನ್ನು ಹಾಕಿ, ಹನ್ನೆರಡು ವಾರಗಳಾದಾಗ ಎಲ್ಲವನ್ನೂ ತೂಗಿ ಬರೆದಿಡಬೇಕು. ಬಳಿಕ ಎದೆಮೂಳೆ ನೆಟ್ಟಗಿರುವುದೇ, ಬೆನ್ನು ಅಗಲವೇ, ಕಾಲುಗಳು ದೂರವಾಗಿ ನಿಂತಿರುವುವೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಗರಿಯು ಕಣ್ಣನ್ನು ಮೋಸಗೊಳಿಸೀತು, ಕೈಯನ್ನು ಮೋಸಗೊಳಿಸದು. ಹೀಗೆ ಮೈಕಟ್ಟಿನಲ್ಲಿ ಗೆದ್ದವುಗಳೊಳಗೆ ಬಣ್ಣವನ್ನು ಆರಿಸಿದರೆ ಎರಡೂ ಕೈಗೂಡುವುವು.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಹಬ್ಬ ಬಂದಾಗ ಅತ್ಯಂತ ದಪ್ಪನಾದ ಹುಂಜವು ಸಾರಿಗೆ ಹೋಗುವುದು, ಅಥವಾ ಸಂತೆಗೆ ಹೋಗುವುದು. ಯಾರೂ ಕೊಳ್ಳದ ಬಡಕಲು ಹುಂಜವು ಉಳಿದು ಮುಂದಿನ ಮರಿಗಳಿಗೆಲ್ಲ ತಂದೆಯಾಗುವುದು. ಬಿತ್ತನೆಗೆಂದು ಅತ್ಯುತ್ತಮವಾದ ರಾಗಿಯನ್ನು ತೆಗೆದಿಡುವ ಒಕ್ಕಲಿಗನ ಮನೆಯಲ್ಲಿಯೇ ಕೋಳಿಯ ವಿಷಯದಲ್ಲಿ ಜೊಳ್ಳನ್ನು ಬಿತ್ತುತ್ತಿರುವರು! ನಾಲ್ಕಾರು ವರ್ಷಗಳಲ್ಲಿ ಕೋಳಿ ಕುಗ್ಗಿತೆಂದು ಕೊರಗಿದರೆ ಫಲವೇನು?

ಒಳ್ಳೆಯ ಹುಂಜವೊಂದಕ್ಕೆ ಎಂಟು ಹತ್ತು ಹೆಂಟೆಗಳು ಸಾಕು. ಅದನ್ನು ಅದರ ಮಕ್ಕಳೊಡನೆಯೇ ಬಿಡದೆ, ನೆರೆಮನೆಯವರ ಒಳ್ಳೆಯ ಹುಂಜದೊಡನೆ ಬದಲಾಯಿಸಿಕೊಳ್ಳುವುದು ಲೇಸು. ಹುಂಜವನ್ನು ಬದಲಿಸಿದ ಮೇಲೆ ಮೂರು ವಾರ ಕಾದು, ಅನಂತರದ ಮೊಟ್ಟೆಗಳನ್ನೇ ಕಾವಿಗಿಡಬೇಕು. ಅದಕ್ಕೆ ಮೊದಲಿನ ಮೊಟ್ಟೆಗಳು ಹಳೆಯ ಹುಂಜದವಾಗಿರಬಹುದು.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸಿದ್ಧವಾದ ಗಿರಿರಾಜ ತಳಿಯು ಬಣ್ಣದ ಗರಿಯನ್ನೂ ತುಂಬಿದ ಮೈಯನ್ನೂ ಹಿತ್ತಲಿಗೆ ತಂದುಕೊಟ್ಟಿದೆ. 2005ರಲ್ಲಿ ಸ್ವರ್ಣಧಾರಾ ಎಂಬುದು ಬಂದಿತು. ಆದರೆ ಗಿರಿರಾಜವು ಬೇರೆ ಬೇರೆ ವಂಶಗಳನ್ನು ಕೂಡಿಸಿ ಪಡೆದುದು. ಮನೆಯಲ್ಲಿಯೇ ಅದರ ಮೊಟ್ಟೆಗಳಿಂದ ಮರಿಮಾಡಿಸಿದರೆ ತಾಯಿಯ ಬಣ್ಣ ಕಂಡೀತು, ತಾಯಿಯ ಮೈ ಪೂರ್ತಿ ಬಾರದು. ಇಂಥ ತಳಿಯನ್ನು ಸಾಕುವವರು ಪ್ರತಿ ಸಲವೂ ಹೊಸ ಮರಿಗಳನ್ನು ತರುವುದೇ ಮೇಲು.

ನಮ್ಮ ಶಾಲೆಯಿಂದ ಹೊರಟು ಗೃಹಿಣಿಯರಾದ ಸಹೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಂದಿನ ಹಬ್ಬಕ್ಕೆ ಎರಡನೆಯ ದಪ್ಪನ ಹುಂಜವನ್ನು ಅಡಿಗೆಗೆ ಕೊಡಿರಿ, ಮೊದಲನೆಯದನ್ನು ಉಳಿಸಿರಿ. ಒಂದು ಹೊತ್ತಿನ ಸಾರು ಸ್ವಲ್ಪ ತೆಳುವಾದೀತು. ಬರುವ ವರ್ಷದ ಗೂಡು ತುಂಬಿ ಬಂದೀತು.